ಎರಡು ಮಿಲಿಮೀಟರ್ ಉಕ್ಕು

ಮಕ್ಕಳ ವಿಜ್ಞಾನ ಪತ್ರಿಕೆಯೊಂದಕ್ಕೆ ಗುಂಡು ತಡೆಯುವ ಕವಚಗಳ ಬಗ್ಗೆ ಲೇಖನ ಬರೆದು ಕಳಿಸಿದ್ದೆ. ಅದರ ನಡುವೆ ಹೀಗೊಂದು ಮಾತಿತ್ತು: "ಅಫ್ಘಾನಿಸ್ತಾನದ ಯುದ್ಧದವರೆಗೂ ಸೋವಿಯತ್ ಸೈನಿಕರಿಗೆ ಯಾವ ಕವಚವೂ ಇರಲಿಲ್ಲ. ಅಲ್ಲಿ ಅವರು ಮೊದಲ ಸಲ ಕೆವ್ಲಾರ್ ನಾರಿನ ಕವಚ ತೊಟ್ಟರು." ಎರಡು ದಿನಕ್ಕೆ ಸಂಪಾದಕರ ಫೋನ್ ಬಂತು.

"ಮೇಡಂ, ಲೇಖನ ಚೆನ್ನಾಗಿದೆ. ಈ ಎರಡು ವಾಕ್ಯಕ್ಕೆ ಆಧಾರ ಯಾವುದು?"

"ಸುಮಾರು ಕಡೆ ಓದಿದ್ದೀನಿ ಸರ್."

"ಸುಮಾರು ಕಡೆ ಅಂದ್ರೆ? ಬರೆದವರು ಯಾರು, ಅವರಿಗೆ ಅದು ಎಲ್ಲಿಂದ ಗೊತ್ತಾಯ್ತು, ಅಷ್ಟು ಹೇಳಿ ಸಾಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ವಾ. ಇದು ನಾವು ಕಂಡಿದ್ದೂ ಅಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಹನ್ನೆರಡು ವರ್ಷದ ಹುಡುಗಿ ಪತ್ರಿಕೆಯಲ್ಲಿ ಓದಿದ್ದನ್ನು ನಲವತ್ತು ವರ್ಷವಾದರೂ ನಂಬಿಕೊಂಡಿರುತ್ತಾಳೆ. ನಾನೇ ಹಾಗೆ ನಂಬಿಕೊಂಡು ಬೆಳೆದವಳು. ಲೇಖನವನ್ನು ತಡೆಹಿಡಿಯಲು ಹೇಳಿ ಹುಡುಕಲು ಕೂತೆ.

ಮೊದಲು ನಾನು ಓದಿದ್ದ ಬರಹಗಳನ್ನೆಲ್ಲ ಮತ್ತೆ ತೆಗೆದೆ. ಒಂಬತ್ತು ಸಿಕ್ಕವು. ಒಂದರ ಪಕ್ಕ ಒಂದಿಟ್ಟು ಓದಿದಾಗ ಮನಸ್ಸು ಕುಗ್ಗಿತು. ಆರರಲ್ಲಿ ವಾಕ್ಯದ ಜೋಡಣೆ ಒಂದೇ. ಅವುಗಳಲ್ಲಿ ಎರಡಕ್ಕೆ ಕಾಗುಣಿತದ ತಪ್ಪು ಕೂಡ ಒಂದೇ. ಇನ್ನೆರಡು ಯಾವ ಮೂಲವನ್ನೂ ಹೇಳುತ್ತಿರಲಿಲ್ಲ. ಕೊನೆಯದು ಆ ಆರರಲ್ಲೇ ಒಂದನ್ನು ಆಧಾರ ಅಂತ ತೋರಿಸುತ್ತಿತ್ತು. ಒಂಬತ್ತು ಜನ ಸಾಕ್ಷಿ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ. ಇದ್ದದ್ದು ಒಂದೇ ಬಾಯಿ. ಅದು ಯಾರ ಬಾಯಿ ಅನ್ನುವುದು ಯಾರಿಗೂ ಬೇಕಾಗಿರಲಿಲ್ಲ.

ಇನ್ನು ಇಂಗ್ಲಿಷಿನಲ್ಲಿ ಸುತ್ತಾಡಿ ಪ್ರಯೋಜನವಿಲ್ಲ, ರಷ್ಯನ್ನಿಗೇ ಹೋಗಬೇಕು ಅನ್ನಿಸಿತು. ಚಿಕ್ಕವಳಿದ್ದಾಗ ನಮ್ಮ ಮನೆ ತುಂಬ ಮಾಸ್ಕೋದ ಮಿರ್ ಪ್ರಕಾಶನದ ಪುಸ್ತಕಗಳಿದ್ದವು. ಗಟ್ಟಿ ರಟ್ಟು, ಕಡಿಮೆ ಬೆಲೆ. ಆ ಪ್ರೀತಿಗೇ ಮುಂದೆ ಎರಡು ವರ್ಷ ಸಂಜೆ ತರಗತಿಗೆ ಹೋಗಿ ರಷ್ಯನ್ ಕಲಿತಿದ್ದೆ. ನಿಧಾನವಾಗಿ ಓದಬಲ್ಲೆ. ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಯಲ್ಲಿ ಕೊಂಡ ದಪ್ಪ ನಿಘಂಟೂ ಇತ್ತು. ಅದನ್ನು ಧೂಳು ಕೊಡವಿ ಮೇಜಿನ ಮೇಲಿಟ್ಟೆ.

ಮೊದಲ ತೊಡಕು ಅಕ್ಷರದ್ದು. ಸೋವಿಯತ್ ಕವಚಗಳ ಹೆಸರು 6ಬಿ1, 6ಬಿ2, 6ಬಿ3 ಹೀಗೆ ಸಾಗುತ್ತದೆ. ಸೈನ್ಯದ ರಾಕೆಟ್ ಮತ್ತು ಫಿರಂಗಿ ವಿಭಾಗ ತನ್ನ ಸಾಮಾನುಗಳಿಗೆ ಕೊಡುತ್ತಿದ್ದ ಸಂಕೇತ ಅದು. 6ಪಿ1 ಅಂದರೆ ಎಕೆಎಂ ರೈಫಲ್, 6ಖ4 ಅಂದರೆ ಅದರ ತುದಿಗೆ ಸಿಕ್ಕಿಸುವ ಬಯೋನೆಟ್ ಚಾಕು. 6ರ ಮುಂದೆ 'ಬ' ಬಂದರೆ ಸೈನಿಕನ ಮೈ ಕಾಯುವ ಕವಚ. ಆದರೆ ರಷ್ಯನ್ನಿನ 'ಬ' ಅಕ್ಷರ ಇಂಗ್ಲಿಷಿನ ಬಿ ಥರ ಕಾಣುವುದಿಲ್ಲ. ಇಂಗ್ಲಿಷಿನ ಬಿ ಥರ ಕಾಣುವ ಅವರ ಅಕ್ಷರದ ಉಚ್ಚಾರಣೆ 'ವ'. ಕೀಲಿಮಣೆಯಲ್ಲಿ ಒಂದು ಅಕ್ಷರ ತಪ್ಪಿದರೆ ಕಂಪ್ಯೂಟರಿಗೆ ಅದು ಬೇರೆಯೇ ಮಾತು. ಇಡೀ ಒಂದು ವಾರ ನಾನು ತಪ್ಪು ಅಕ್ಷರದಲ್ಲಿ ಹುಡುಕಿದ್ದೆ.

ಎರಡನೇ ಮಹಾಯುದ್ಧದ ಕಾಲದ ಕವಚದ ಕಥೆಯೂ ಹೀಗೇ. ಇಂಗ್ಲಿಷ್ ಬರಹವೊಂದರಲ್ಲಿ 'ಸಿಎಚ್-42' ಅನ್ನುವ ಕವಚದ ಸುದ್ದಿ ಬಂತು, ಇನ್ನೊಂದರಲ್ಲಿ 'ಎಸ್‌ಎನ್-42'. ಎರಡು ಬೇರೆ ಕವಚ ಅಂದುಕೊಂಡು ಎರಡು ಪುಟಗಳಲ್ಲಿ ಟಿಪ್ಪಣಿ ಮಾಡಿಟ್ಟೆ. ಆಮೇಲೆ ಗೊತ್ತಾಯಿತು, ರಷ್ಯನ್ನಿನ ಸ ಮತ್ತು ನ ಅಕ್ಷರಗಳು ಇಂಗ್ಲಿಷಿನ ಸಿ ಮತ್ತು ಎಚ್ ಥರವೇ ಕಾಣುತ್ತವೆ. ಕಣ್ಣಿಗೆ ಕಂಡ ಹಾಗೆ ಬರೆದವರು ಸಿಎಚ್ ಎಂದರು. ಕವಚ ಒಂದೇ. ಸ್ತಲ್ನೋಯ್ ನಗ್ರುದ್ನಿಕ್, ಅಂದರೆ ಉಕ್ಕಿನ ಎದೆಪಟ್ಟಿ. 42 ಅನ್ನುವುದು 1942. ಯಂತ್ರಕ್ಕೆ ಅನುವಾದ ಮಾಡಲು ಕೊಟ್ಟರೆ 'ಸ್ಟೀಲ್ ಬಿಬ್' ಅಂತ ಕೊಟ್ಟಿತು. ಮಗುವಿಗೆ ಊಟ ಮಾಡಿಸುವಾಗ ಕುತ್ತಿಗೆಗೆ ಕಟ್ಟುತ್ತೇವಲ್ಲ, ಆ ಬಟ್ಟೆಗೂ ರಷ್ಯನ್ನಿನಲ್ಲಿ ಅದೇ ಹೆಸರು. ಆ ಅನುವಾದವನ್ನು ಹಾಗೇ ಎತ್ತಿ ಹಾಕಿದ ಲೇಖನಗಳನ್ನೂ ನೋಡಿದೆ. ಸಾವಿನ ಎದುರು ನಡೆದವರು ಎದೆಗೆ ಕಟ್ಟಿಕೊಂಡದ್ದಕ್ಕೆ ಆ ಹೆಸರು ಬಂದದ್ದು ನೋಡಿ ಬೇಸರವಾಯಿತು.

ಇಷ್ಟು ಗೊತ್ತಾದ ಮೇಲೆ ನನ್ನ ಮೊದಲ ವಾಕ್ಯ ಬಿದ್ದೇ ಹೋಯಿತು. ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ಹೋದದ್ದು 1979ರ ಡಿಸೆಂಬರಿನಲ್ಲಿ. ಉಕ್ಕಿನ ಎದೆಪಟ್ಟಿ ಅದಕ್ಕೂ 37 ವರ್ಷ ಹಿಂದಿನದು. ಅದಕ್ಕೂ ಮೊದಲು ಎಸ್‌ಎನ್-38, 39, 40 ಅಂತ ಮಾದರಿಗಳಿದ್ದವು. 42 ಇವುಗಳಿಂದ ತಿದ್ದಿಕೊಂಡು ಬಂದದ್ದು.

ಆದರೆ ಇದನ್ನೂ ನಾನು ಓದಿದ್ದು ಯಾರೋ ಈಚೆಗೆ ಬರೆದ ಬರಹದಲ್ಲಿ. ಸಂಪಾದಕರ ಪ್ರಶ್ನೆ ಮತ್ತೆ ಎದುರಿಗೆ ನಿಂತಿತು: ಅವರಿಗೆ ಎಲ್ಲಿಂದ ಗೊತ್ತಾಯ್ತು? ಆ ಕಾಲದವರು ಆ ಕಾಲದಲ್ಲಿ ಬರೆದಿಟ್ಟದ್ದು ಬೇಕಿತ್ತು.

ರಷ್ಯಾದ ರಕ್ಷಣಾ ಸಚಿವಾಲಯದ ಕೇಂದ್ರ ಪತ್ರಾಗಾರ ಮಾಸ್ಕೋ ಹತ್ತಿರದ ಪೊದೊಲ್ಸ್ಕ್ ಊರಿನಲ್ಲಿದೆ. ಎರಡನೇ ಮಹಾಯುದ್ಧದ ಕಾಗದಗಳಲ್ಲಿ ದೊಡ್ಡ ಪಾಲನ್ನು ಅವರು ಸ್ಕ್ಯಾನ್ ಮಾಡಿ, 2015ರಿಂದ 'ಪಾಮ್ಯತ್ ನರೋದ' ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಜನರ ನೆನಪು ಅಂತ ಆ ಹೆಸರಿನ ಅರ್ಥ. ಪಡೆಗಳ ಯುದ್ಧ ದಿನಚರಿ, ಆದೇಶ, ಪದಕಕ್ಕೆ ಶಿಫಾರಸು ಮಾಡಿದ ಹಾಳೆಗಳು, ನಕ್ಷೆಗಳು ಎಲ್ಲ ಅಲ್ಲಿವೆ. ನಾನು ಬೆಂಗಳೂರಿನ ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು 1943ರ ಪುಟಗಳನ್ನು ತಿರುಗಿಸುತ್ತಿದ್ದೆ. ಮೊದಲ ರಾತ್ರಿ ನಿದ್ದೆಯೇ ಬರಲಿಲ್ಲ.

ಅಲ್ಲಿಯೂ ಸುಲಭವಾಗಿ ಏನೂ ಸಿಗಲಿಲ್ಲ. ಇವತ್ತು ರಷ್ಯನ್ನರು ಇಂಥ ಕವಚಕ್ಕೆ 'ಬ್ರೊನೆಝಿಲೆತ್' ಅನ್ನುತ್ತಾರೆ, ಕವಚದ ವೇಸ್ಟ್‌ಕೋಟು ಅಂತ. ಆ ಪದ ಹಾಕಿ ಯುದ್ಧಕಾಲದ ಕಾಗದದಲ್ಲಿ ಎಷ್ಟು ಹುಡುಕಿದರೂ ಕೈಗೆ ಏನೂ ಬರಲಿಲ್ಲ. ಆಗ ನೆರವಾದವರು ಮೈಸೂರಿನ ಒಬ್ಬ ಹಿರಿಯ ಎಂಜಿನಿಯರ್. 1970ರ ದಶಕದಲ್ಲಿ ಮಾಸ್ಕೋದಲ್ಲಿ ಓದಿ ಬಂದವರು.

"ನೋಡಮ್ಮಾ," ಅಂದರು, "ನಮ್ಮಜ್ಜ ಬಸ್ಸಿಗೆ ಮೋಟಾರು ಅಂತಿದ್ದರು. ಅವರು ಬರೆದಿಟ್ಟ ಲೆಕ್ಕದ ಪುಸ್ತಕದಲ್ಲಿ ಬಸ್ಸು ಅಂತ ಹುಡುಕಿದರೆ ಸಿಗುತ್ತಾ? ಆ ಕಾಲದ ಸಿಪಾಯಿ ಪಾಂತ್ಸಿರ್ ಅನ್ನುತ್ತಿದ್ದ. ಅದನ್ನು ಹಾಕಿ ನೋಡು."

ಪಾಂತ್ಸಿರ್ ಅಂದರೆ ಹಳೇ ಕಾಲದ ಲೋಹದ ಕವಚ. ಆಮೆ ಚಿಪ್ಪಿಗೂ ಅದೇ ಮಾತು. ಆ ಪದ, ಜೊತೆಗೆ 'ನಗ್ರುದ್ನಿಕ್' ಹಾಕಿದ ಮೇಲೆ ದಾರಿ ತೆರೆಯಿತು. ಇವನ್ನು ತೊಟ್ಟವರು ಮುಖ್ಯವಾಗಿ ಯಾರು ಅನ್ನುವುದೂ ಗಟ್ಟಿಯಾಯಿತು: ಆಕ್ರಮಣ ಎಂಜಿನಿಯರ್-ಸ್ಯಾಪರ್ ಬ್ರಿಗೇಡ್‌ಗಳು. 1943ರಲ್ಲಿ ಮೊದಲ ಹಂತದಲ್ಲಿ 15 ಬ್ರಿಗೇಡ್ ಕಟ್ಟಿದರು. ಕೋಟೆಯಂತೆ ಕಟ್ಟಿದ ಜರ್ಮನ್ ಠಾಣೆಗಳನ್ನು, ಮನೆಮನೆಯಲ್ಲೂ ಶತ್ರು ಕೂತ ಊರುಗಳನ್ನು ಒಡೆಯುವುದು ಇವರ ಕೆಲಸ. ನೆಲಬಾಂಬು ತೆಗೆಯುವುದು, ಮುಳ್ಳುತಂತಿ ಕತ್ತರಿಸುವುದು, ಸ್ಫೋಟಕ ಹೊತ್ತು ಗೋಡೆಯವರೆಗೂ ಹೋಗುವುದು.

ಕೈಬರಹದ ಹಾಳೆಗಳು ಬಹಳ ಕಾಡಿದವು. ರಷ್ಯನ್ ಅಚ್ಚಿನ ಅಕ್ಷರ ಬೇರೆ, ಕೈಬರಹ ಬೇರೆ. ಅಚ್ಚಿನ 'ತ' ಕೈಬರಹದಲ್ಲಿ ಇಂಗ್ಲಿಷಿನ ಎಂ ಥರ, 'ದ' ಅನ್ನುವುದು ಜಿ ಥರ, 'ಇ' ಅನ್ನುವುದು ಯು ಥರ. ಪೆನ್ಸಿಲಿನಲ್ಲಿ, ಗುಡಿಸಿಲಲ್ಲೋ ಕಂದಕದಲ್ಲೋ ಕೂತು ಬರೆದದ್ದು. ಒಂದು ಪುಟ ಓದಲು ಒಂದು ಸಂಜೆ. ಓದಲಾಗದ್ದನ್ನು ಮೈಸೂರಿಗೆ ಕಳಿಸುತ್ತಿದ್ದೆ. ಅವರು ಭೂತಗನ್ನಡಿ ಹಿಡಿದು ಓದಿ ರಾತ್ರಿ ಫೋನ್ ಮಾಡುತ್ತಿದ್ದರು. ಎಪ್ಪತ್ತು ದಾಟಿದ ಅವರ ತಾಳ್ಮೆ ಇಲ್ಲದಿದ್ದರೆ ನಾನು ಅರ್ಧಕ್ಕೇ ಕೈಬಿಡುತ್ತಿದ್ದೆ.

ಪದಕದ ಶಿಫಾರಸು ಹಾಳೆ ಓದುವಾಗ ಒಂದು ಎಚ್ಚರ ಬೇಕು. ಅದು ಆ ಕಾಲದ್ದೇ ಕಾಗದ, ನಿಜ. ಆದರೆ ಬರೆದ ಅಧಿಕಾರಿಗೆ ತನ್ನ ಹುಡುಗನಿಗೆ ಪದಕ ಸಿಗಲಿ ಅನ್ನುವ ಆಸೆ ಇರುತ್ತದೆ. ಎಷ್ಟು ಶತ್ರುಗಳನ್ನು ಕೊಂದ ಅನ್ನುವ ಲೆಕ್ಕಕ್ಕೆ ನಾನು ಅದನ್ನು ನೆಚ್ಚಲಿಲ್ಲ. ಆ ದಿನ ಆ ಪಡೆ ಎಲ್ಲಿತ್ತು, ಯಾವ ಸಾಮಾನು ಹೊತ್ತಿತ್ತು ಅನ್ನುವುದಕ್ಕೆ ನೆಚ್ಚಿದೆ. ಅಂಥ ಸಣ್ಣ ವಿಷಯದಲ್ಲಿ ಸುಳ್ಳು ಹೇಳಿ ಯಾರಿಗೂ ಏನೂ ಸಿಗುವುದಿಲ್ಲ ಅಲ್ವಾ.

ಈ ನಡುವೆ ಒಂದು ಫೋಟೋ ಸಿಕ್ಕಿತು. ಎದೆಪಟ್ಟಿ ತೊಟ್ಟ ನಾಲ್ಕು ಜನ, ಕೈಯಲ್ಲಿ ಸಬ್‌ಮಷೀನ್ ಗನ್. ಕೆಳಗೆ 'ಸ್ಟಾಲಿನ್‌ಗ್ರಾಡ್, 1942ರ ಶರತ್ಕಾಲ' ಅಂತ ಬರೆದಿತ್ತು. ಲೇಖನಕ್ಕೆ ಇದೇ ಇರಲಿ ಅಂತ ತೆಗೆದಿಟ್ಟೆ. ಮಾರನೇ ದಿನ ಅದನ್ನು ದೊಡ್ಡದು ಮಾಡಿ ನೋಡುತ್ತಿದ್ದಾಗ ಒಬ್ಬನ ಭುಜದ ಮೇಲೆ ಕಣ್ಣು ನಿಂತಿತು. ಅಲ್ಲಿ ಭುಜಪಟ್ಟಿ ಇತ್ತು. ಕೆಂಪು ಸೇನೆಯಲ್ಲಿ ಕ್ರಾಂತಿಯ ನಂತರ ಭುಜಪಟ್ಟಿ ಇರಲಿಲ್ಲ. ದರ್ಜೆಯ ಗುರುತು ಕಾಲರಿನ ಮೇಲಿರುತ್ತಿತ್ತು. ಭುಜಪಟ್ಟಿ ಮತ್ತೆ ಬಂದದ್ದು 1943ರ ಜನವರಿಯ ಆದೇಶದಿಂದ. ಜೊತೆಗೆ ಅಂಗಿಯ ಕಾಲರು ಮಡಚಿದ್ದಲ್ಲ, ನೆಟ್ಟಗೆ ನಿಂತದ್ದು. ಅದೂ 1943ರ ಸಮವಸ್ತ್ರದ್ದೇ. ಸ್ಟಾಲಿನ್‌ಗ್ರಾಡ್ ಕದನ ಮುಗಿದದ್ದು ಅದೇ ವರ್ಷ ಫೆಬ್ರವರಿ 2ಕ್ಕೆ. 1942ರ ಶರತ್ಕಾಲದಲ್ಲಿ ತೆಗೆದ ಫೋಟೋದಲ್ಲಿ ಈ ಅಂಗಿ, ಈ ಪಟ್ಟಿ ಇರಲು ಸಾಧ್ಯವೇ ಇಲ್ಲ.

ಹಾಗಂತ ಫೋಟೋ ಸುಳ್ಳಲ್ಲ. ಅದರಲ್ಲಿರುವವರು ನಿಜ, ಕವಚ ನಿಜ. ಅಡಿಬರಹ ಮಾತ್ರ ಯಾರೋ ಆಮೇಲೆ ಅಂಟಿಸಿದ್ದು. ನಾನು '1943 ಅಥವಾ ಆಮೇಲೆ' ಅಂತ ಬರೆದುಕೊಂಡೆ, ಊರಿನ ಹೆಸರು ಬಿಟ್ಟೆ. ಆ ಹುಡುಗರ ಮುಖಗಳನ್ನು ತುಂಬ ಹೊತ್ತು ನೋಡಿದೆ. ಒಬ್ಬನಿಗೆ ಮೀಸೆ ಸರಿಯಾಗಿ ಬಂದಿರಲಿಲ್ಲ.

ಈಗ ದೊಡ್ಡ ಪ್ರಶ್ನೆ ಉಳಿದಿತ್ತು. ಈ ಎದೆಪಟ್ಟಿ ಏನನ್ನು ತಡೆಯುತ್ತಿತ್ತು? ಕೆಲವರು 'ಗುಂಡು ತಡೆಯುತ್ತಿತ್ತು' ಅಂತ ಸುಮ್ನೆ ಬರೆದುಬಿಟ್ಟಿದ್ದಾರೆ. ಇನ್ನು ಕೆಲವರು 'ರೈಫಲ್ ಗುಂಡನ್ನೂ ತಡೆಯುತ್ತಿತ್ತು' ಅನ್ನುತ್ತಾರೆ. ಹೆಚ್ಚಿನ ಕಡೆ ಸಿಗುವ ವಿವರ ಹೀಗಿದೆ: ದಪ್ಪ 2 ಮಿ.ಮೀ., ತೂಕ 3.3ರಿಂದ 3.5 ಕೆ.ಜಿ., ಎದೆಗೊಂದು ಹೊಟ್ಟೆಗೊಂದು ಅಂತ ಎರಡು ಭಾಗ, ಉಕ್ಕು 36ಎಸ್‌ಜಿಎನ್. ಆ ಉಕ್ಕಿನ ಹೆಸರನ್ನು ಬಿಡಿಸಿದರೆ ಅದರ ಅಡುಗೆ ಗೊತ್ತಾಗುತ್ತದೆ: ನೂರಕ್ಕೆ ಸುಮಾರು 0.36 ಪಾಲು ಇಂಗಾಲ, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್, ನಿಕ್ಕಲ್. ಸೋವಿಯತ್ ಹೆಲ್ಮೆಟ್ಟುಗಳೂ ಇದೇ ಉಕ್ಕಿನವು.

ಈ ಅಂಕಿಗಳಾದರೂ ಒಂದಕ್ಕೊಂದು ಹೊಂದುತ್ತವೆಯೇ? ಅದನ್ನು ನೋಡಲು ಪತ್ರಾಗಾರ ಬೇಕಿಲ್ಲ. ನಮ್ಮ ಸೋದರಮಾವನಿಗೆ ಫೋನ್ ಮಾಡಿದೆ.

ಮಾವ ಹಲಸೂರಿನ ಎಂಇಜಿಯಿಂದ ಸುಬೇದಾರ್ ಆಗಿ ನಿವೃತ್ತರಾದವರು. ಮದ್ರಾಸ್ ಎಂಜಿನಿಯರ್ ಗ್ರೂಪ್. ಸ್ಯಾಪರ್ ಅಂದರೆ ಏನು ಅಂತ ನನಗೆ ಗೊತ್ತಿದ್ದದ್ದೇ ಅವರಿಂದ. ವಿಷಯ ಹೇಳುತ್ತಿದ್ದ ಹಾಗೇ, "ನಾಳೆ ಪೀಣ್ಯಕ್ಕೆ ಹೋಗೋಣ ಬಾರಮ್ಮ" ಅಂದರು.

ಪೀಣ್ಯದ ಒಂದು ಫ್ಯಾಬ್ರಿಕೇಶನ್ ಅಂಗಡಿಯಲ್ಲಿ 14 ಗೇಜಿನ ಎಂಎಸ್ ಶೀಟ್, ಅಂದರೆ ಮೆದು ಉಕ್ಕಿನ ತಗಡು, ಕೇಳಿದೆವು. ಅದು 2 ಮಿ.ಮೀ.ಗೆ ಕೂದಲೆಳೆಯಷ್ಟು ಜಾಸ್ತಿ. ಎದೆ, ಹೊಟ್ಟೆ ಮುಚ್ಚುವ ಅಂದಾಜಿಗೆ 40 ಸೆಂ.ಮೀ. ಅಗಲ, 50 ಸೆಂ.ಮೀ. ಉದ್ದಕ್ಕೆ ಕತ್ತರಿಸಿ ಕೊಟ್ಟರು. ಅಂದರೆ ಕಾಲು ಚದರ ಮೀಟರಿಗೆ ಸ್ವಲ್ಪ ಕಡಿಮೆ, ಕರೆಕ್ಟಾಗಿ 0.2. ತಕ್ಕಡಿಯಲ್ಲಿಟ್ಟರೆ 3 ಕೆ.ಜಿ. 200 ಗ್ರಾಂ ಹತ್ತಿರ ಬಂತು. ಪಟ್ಟಿ, ಕೊಂಡಿ, ಒಳಗಿನ ಮೆತ್ತೆ ಸೇರಿಸಿದರೆ 3.3, 3.5 ಅನ್ನುವ ಲೆಕ್ಕಕ್ಕೆ ಸರಿಹೋಗುತ್ತದೆ. ಇದು ಸಾಧಾರಣ ಮೆದು ಉಕ್ಕು, ಅವರದು ಹದ ಮಾಡಿದ ಗಟ್ಟಿ ಉಕ್ಕು. ಆದರೆ ತೂಕದ ಮಟ್ಟಿಗೆ ಎರಡಕ್ಕೂ ವ್ಯತ್ಯಾಸವಿಲ್ಲ. ಕಾಗದದ ಅಂಕಿ ಕೈಯಲ್ಲಿ ಭಾರವಾಗಿ ನಿಂತಾಗ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ. ದಪ್ಪ, ತೂಕ, ಅಳತೆ ಮೂರೂ ಒಂದು ನಿಜವಾದ ವಸ್ತುವಿನವು. ಯಾರೋ ಕಲ್ಪಿಸಿ ಬರೆದವಲ್ಲ.

ಮಾವ ಅಂಚಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ, ತೂತು ಹಾಕಿಸಿ ಹಗ್ಗ ಕಟ್ಟಿ, ಮನೆಯಂಗಳದಲ್ಲಿ ಎದೆಗೆ ಹಾಕಿಕೊಂಡರು. ಅರವತ್ತೆಂಟನೇ ವಯಸ್ಸಿನಲ್ಲಿ. ಬೇಡ ಅಂದರೂ ಕೇಳಲಿಲ್ಲ. ಮೊದಲು ನೆಟ್ಟಗೆ ನಡೆದರು, ಬಗ್ಗಿ ಓಡಿದ ಹಾಗೆ ಮಾಡಿದರು. ತೊಂದರೆ ಆಗಲಿಲ್ಲ. ಆಮೇಲೆ ಮೊಣಕೈ ಊರಿ ತೆವಳಲು ಮಲಗಿದರು. ಎರಡು ಗಜ ಹೋಗುವಷ್ಟರಲ್ಲಿ ನಿಂತರು. ತಗಡಿನ ಮೇಲಂಚು ಗಂಟಲಿಗೆ ಬರುತ್ತಿತ್ತು, ಕೆಳಗಂಚು ತೊಡೆಗೆ.

"ಬಯಲಲ್ಲಿ ತೆವಳೋನಿಗೆ ಇದು ಶತ್ರು ಕಣಮ್ಮಾ. ಮೆಟ್ಟಿಲು ಹತ್ತೋನಿಗೆ, ಬಾಗಿಲು ಒದ್ದು ಒಳಗೆ ನುಗ್ಗೋನಿಗೆ ಬೇಕು."

ನಾನು ಏನೂ ಹೇಳಿಕೊಟ್ಟಿರಲಿಲ್ಲ. ಎಸ್‌ಎನ್-42ರ ಬಗ್ಗೆ ರಷ್ಯನ್ ಬರಹಗಳು ಹೇಳುವುದೂ ಇದನ್ನೇ: ಬಯಲಲ್ಲಿ ತೆವಳಬೇಕಾದ ಕಾಲಾಳುಗಳಿಗೆ ಹಿಡಿಸಲಿಲ್ಲ, ಊರೊಳಗಿನ ಕಾಳಗದಲ್ಲಿ ಮೆಚ್ಚಿಕೊಂಡರು. ಅವರದು ಎರಡು ಭಾಗವಾಗಿ ಬಾಗುತ್ತಿತ್ತು, ನಮ್ಮದು ಒಂದೇ ತಗಡು; ಅಷ್ಟು ವ್ಯತ್ಯಾಸ ಇಟ್ಟುಕೊಂಡೇ ಹೇಳುತ್ತಿದ್ದೇನೆ. ಬರಿಮೈಗೆ ತಾಗಿ ಮಾವನ ಎದೆ ಕೆಂಪಾಗಿತ್ತು. ಸೋವಿಯತ್ ಸಿಪಾಯಿಗಳು ಹತ್ತಿ ತುಂಬಿದ ಕೋಟಿನ ತೋಳು ಕತ್ತರಿಸಿ, ಅದರ ಮೇಲೆ ಎದೆಪಟ್ಟಿ ಕಟ್ಟುತ್ತಿದ್ದರು. ಗುಂಡು ಬಡಿದ ಪೆಟ್ಟು ಹತ್ತಿಯಲ್ಲಿ ಇಂಗಲಿ ಅಂತ. ತೋಳು ಯಾಕೆ ಕತ್ತರಿಸುತ್ತಿದ್ದರು ಅನ್ನುವುದೂ ಆ ದಿನ ಅರ್ಥವಾಯಿತು. ಪಟ್ಟಿ ಬಿಗಿದ ಮೇಲೆ ದಪ್ಪ ತೋಳಿದ್ದರೆ ಕೈ ಎತ್ತುವುದೇ ಕಷ್ಟ.

ಇನ್ನು ಗುಂಡಿನ ಲೆಕ್ಕ. ಜರ್ಮನ್ನರ ಎಂಪಿ-40 ಸಬ್‌ಮಷೀನ್ ಗನ್ನಿನ 9 ಮಿ.ಮೀ. ಗುಂಡು ಸುಮಾರು 8 ಗ್ರಾಂ, ವೇಗ ಸೆಕೆಂಡಿಗೆ 400 ಮೀಟರ್ ಹತ್ತಿರ. ಶಕ್ತಿ ಸುಮಾರು 600 ಜೂಲ್. ಅವರದೇ ಮೌಸರ್ ರೈಫಲಿನ ಗುಂಡು 12.8 ಗ್ರಾಂ, ವೇಗ ಸುಮಾರು 760 ಮೀಟರ್. ಶಕ್ತಿ 3,700 ಜೂಲ್ ಹತ್ತಿರ. ಆರು ಪಟ್ಟು. ಜೊತೆಗೆ ರೈಫಲ್ ಗುಂಡು ಮೊನಚು. 600 ಜೂಲನ್ನು ಸ್ವಲ್ಪ ದೂರದಿಂದ ತಡೆಯಲು ಮಾಡಿದ 2 ಮಿ.ಮೀ. ಉಕ್ಕು, ಹತ್ತಿರದಿಂದ ನೇರ ಬಡಿದ 3,700 ಜೂಲನ್ನು ತಡೆಯುವುದಿಲ್ಲ. ಸಬ್‌ಮಷೀನ್ ಗನ್ನಿನ ಗುಂಡು, ಬಾಂಬಿನ ಚೂರು, ಬಯೋನೆಟ್ಟಿನ ಇರಿತ: ಇವಕ್ಕೆ ಅದು ಕವಚ.

ಯೋಧರ ನೆನಪಿನ ಬರಹಗಳಲ್ಲಿ 'ಎದೆಗೆ ಗುಂಡು ಬಡಿಯಿತು, ಪಾಂತ್ಸಿರ್ ಉಳಿಸಿತು' ಅಂತ ಬಂದಾಗ ನಾನು ಈಗ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಯಾವ ಬಂದೂಕು? ಎಷ್ಟು ದೂರ? ನೇರವೋ ಓರೆಯೋ? ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ಬದುಕಿ ಬಂದವರು ಮಾತ್ರ ಬರೆಯಬಲ್ಲರು, ಅದನ್ನು ಮರೆಯಬಾರದು. ರೈಫಲ್ ಗುಂಡು ತೂರಿ ಹೋದವನ ನೆನಪಿನ ಬರಹ ಇಲ್ಲ.

ಇದು ಹೊಳೆದ ದಿನ ನನಗೆ ಈ ಕೆಲಸದ ತೂಕವೇ ಬೇರೆಯಾಯಿತು. 'ಗುಂಡು ತಡೆಯುವ ಕವಚ' ಅಂತ ಬರೆದರೆ ಆ ಸ್ಯಾಪರುಗಳು ಏನೂ ತಾಗದ ಮೈಯವರು ಅನ್ನಿಸುತ್ತದೆ. ಅವರು ಹಾಗಿರಲಿಲ್ಲ. ಎದುರಿನ ಕಿಟಕಿಯಲ್ಲಿ ರೈಫಲ್ ಇದ್ದರೆ ಈ ತಗಡು ಸಾಲದು ಅಂತ ಗೊತ್ತಿದ್ದೇ ಹೋದರು. ಉತ್ಪ್ರೇಕ್ಷೆ ಮಾಡಿದರೆ ಅವರ ಧೈರ್ಯದಲ್ಲಿ ಅರ್ಧವನ್ನು ನಾವು ಕಿತ್ತುಕೊಂಡ ಹಾಗೆ. ಹಾಗಾಗಿ ಮಿಲಿಮೀಟರಿಗೆ, ಜೂಲಿಗೆ ಇಷ್ಟು ಹಟ ಹಿಡಿದೆ.

ಯುದ್ಧ ಮುಗಿದ ನಂತರದ ಕಥೆಯನ್ನು ಬೇಗ ಹೇಳುತ್ತೇನೆ. ಕೊರಿಯಾ ಯುದ್ಧದಲ್ಲಿ ಅಮೆರಿಕನ್ನರು ನೈಲಾನ್ ಮತ್ತು ಗಾಜುನಾರಿನ ಕವಚ ತೊಟ್ಟರು, ಎಂ-1951 ಮತ್ತು ಎಂ-1952. ಅದರ ಬೆನ್ನಿಗೇ ಸೋವಿಯತ್ ಸೇನೆ 1957ರಲ್ಲಿ 6ಬಿ1 ಅನ್ನು ಒಪ್ಪಿಕೊಂಡಿತು. ಆದರೆ ಎಲ್ಲ ಸಿಪಾಯಿಗಳಿಗೂ ಹಂಚಲಿಲ್ಲ, ಉಗ್ರಾಣದಲ್ಲಿಟ್ಟಿತು. ಎಷ್ಟು ತಯಾರಾದವು ಅನ್ನುವ ಒಂದೇ ಅಂಕಿ ಎಲ್ಲ ಬರಹಗಳಲ್ಲೂ ತಿರುಗುತ್ತಿತ್ತು, ಕಾಗದದ ಆಧಾರವಿಲ್ಲದೆ. ಅದನ್ನು ನಾನು ಲೇಖನಕ್ಕೆ ತೆಗೆದುಕೊಳ್ಳಲಿಲ್ಲ. 1970ರ ದಶಕದ ಆರಂಭದಲ್ಲಿ ಪೊಲೀಸರಿಗಾಗಿ ಝೆ-ಝೆ-ತೆ 71 ಅನ್ನುವ ಭಾರೀ ಕವಚ ಬಂತು. ಮಾಡಿದವರು ಮಾಸ್ಕೋದ ಉಕ್ಕು ಸಂಶೋಧನಾ ಸಂಸ್ಥೆಯವರು, ಎನ್‌ಐಐ ಸ್ತಾಲಿ. ನಮ್ಮ ಸೇನೆಯ ಟಿ-90 ಟ್ಯಾಂಕಿನ ಮೇಲಿರುವ ಕಾಂತಾಕ್ತ್-5 ಕವಚ ಕೂಡ ಇದೇ ಸಂಸ್ಥೆಯ ಕೆಲಸ. ಇಂಥ ಸಂಸ್ಥೆ ತನ್ನ ಬಗ್ಗೆ ತಾನೇ ಬರೆದುಕೊಂಡ ಇತಿಹಾಸವನ್ನು ನೋಡಲು ಒಂದು ಕ್ರಮ ಮಾಡಿಕೊಂಡೆ. ಯಾವ ಮಾದರಿ, ಯಾವ ಲೋಹ ಅನ್ನುವುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ, ತೆಗೆದುಕೊಂಡೆ. 'ಜಗತ್ತಿನಲ್ಲೇ ಮೊದಲು', 'ಎಲ್ಲಕ್ಕಿಂತ ಉತ್ತಮ' ಅನ್ನುವ ಕಡೆ ಪುಟ ತಿರುಗಿಸಿದೆ.

ಅಫ್ಘಾನಿಸ್ತಾನದ ವಿಷಯಕ್ಕೆ ಬಂದಾಗ ನನ್ನ ಎರಡನೇ ವಾಕ್ಯವೂ ಬಿತ್ತು. 1981ರಲ್ಲಿ ಬಂದ 6ಬಿ2 ಕೆವ್ಲಾರಿನದ್ದಲ್ಲ. ಕೆವ್ಲಾರ್ ಅನ್ನುವುದು ಅಮೆರಿಕದ ಡುಪಾಂಟ್ ಕಂಪನಿಯ ನಾರು. ಸ್ಟೆಫನಿ ಕ್ವೋಲೆಕ್ ಎಂಬ ರಸಾಯನ ವಿಜ್ಞಾನಿ 1965ರಲ್ಲಿ ಅದಕ್ಕೆ ದಾರಿ ಕಂಡುಹಿಡಿದರು. ಸೋವಿಯತ್ತರು ತಮ್ಮದೇ ನಾರು ಮಾಡಿಕೊಂಡಿದ್ದರು, ಎಸ್‌ವಿಎಂ ಅಂತ. ಎರಡೂ ಅರಮಿಡ್ ಎಂಬ ಒಂದೇ ಮನೆತನದವು. ಆದರೆ ಒಂದರ ಹೆಸರನ್ನು ಇನ್ನೊಂದಕ್ಕೆ ಇಡುವುದು ತಪ್ಪು. 6ಬಿ2ರಲ್ಲಿ ಆ ನಾರಿನ ಬಟ್ಟೆಯ ಪದರಗಳು, ಜೊತೆಗೆ ಮೀನಿನ ಹುರುಪೆಯಂತೆ ಜೋಡಿಸಿದ 1.25 ಮಿ.ಮೀ. ಟೈಟಾನಿಯಂ ತಗಡುಗಳು. ತೂಕ 4.8 ಕೆ.ಜಿ. ಬಾಂಬಿನ ಚೂರು, ಪಿಸ್ತೂಲಿನ ಗುಂಡು ಇವನ್ನು ತಡೆಯಬಲ್ಲದು.

ಅಲ್ಲಿನ ಹೋರಾಟಗಾರರ ಕೈಯಲ್ಲಿದ್ದದ್ದು ಬೇರೆ. ಎಕೆ ರೈಫಲುಗಳು, ಜೊತೆಗೆ ಬ್ರಿಟಿಷರ ಕಾಲದ .303 ಲೀ-ಎನ್‌ಫೀಲ್ಡ್. ಸೋವಿಯತ್ ಸಿಪಾಯಿಗಳು ಅದನ್ನು 'ಬುರ್' ಅನ್ನುತ್ತಿದ್ದರು. ನಮ್ಮ ಪೊಲೀಸ್ ಠಾಣೆಗಳಲ್ಲಿ ಎಷ್ಟೋ ವರ್ಷ ನೋಡಿದ ತ್ರೀ-ನಾಟ್-ತ್ರೀ ಅದೇ. ಅದರ ಗುಂಡಿನ ಶಕ್ತಿ 3,000 ಜೂಲಿಗೂ ಜಾಸ್ತಿ. ಪೀಣ್ಯದ ತಗಡಿನ ಲೆಕ್ಕವೇ ಇಲ್ಲೂ ಮತ್ತೆ ಎದುರಾಯಿತು: ಚೂರಿಗೆ ಸಾಕು, ರೈಫಲಿಗೆ ಸಾಲದು. ಹಾಗಾಗಿ 6ಬಿ3ಟಿಎಂ ಬಂತು, 6.5 ಮಿ.ಮೀ. ದಪ್ಪದ ಟೈಟಾನಿಯಂ, ಸುಮಾರು 12 ಕೆ.ಜಿ. ಆಮೇಲೆ ಬೋರಾನ್ ಕಾರ್ಬೈಡ್ ಎಂಬ ಗಟ್ಟಿ ಸೆರಾಮಿಕ್ ಬಿಲ್ಲೆಗಳ 6ಬಿ4. 1986ರಲ್ಲಿ ಇವೆಲ್ಲವನ್ನೂ ಒಂದೇ ಚೌಕಟ್ಟಿಗೆ ತಂದ 6ಬಿ5. ಅದರಲ್ಲಿ 11ರಿಂದ 19ರವರೆಗೆ ಸಂಖ್ಯೆ ಹೊತ್ತ ಮಾದರಿಗಳಿದ್ದವು. ಫೋಟೋ ನೋಡಿ 6ಬಿ5 ಅನ್ನುವುದಷ್ಟೇ ಸಾಲದು, ಎಷ್ಟನೆಯದು ಅಂತಲೂ ನೋಡಬೇಕು.

ಒಂದು ಪುಸ್ತಕದಲ್ಲಿ 6ಬಿ3ರ ತಗಡು ಉಕ್ಕಿನದು ಅಂತ ಇತ್ತು. ಅದನ್ನೂ ತೂಕದಿಂದಲೇ ನೋಡಿದೆ. ಒಂದು ಘನ ಸೆಂಟಿಮೀಟರ್ ಟೈಟಾನಿಯಂ 4.5 ಗ್ರಾಂ, ಉಕ್ಕು 7.8 ಗ್ರಾಂ. ಅದೇ ದಪ್ಪ, ಅದೇ ಅಳತೆಯಲ್ಲಿ ಉಕ್ಕು ಹಾಕಿದರೆ ತಗಡಿನ ತೂಕ ಮುಕ್ಕಾಲು ಪಾಲು ಏರುತ್ತದೆ. ಆಗ 12 ಕೆ.ಜಿ. ಅನ್ನುವ ಲೆಕ್ಕ ನಿಲ್ಲುವುದೇ ಇಲ್ಲ. ಆ 12 ಕೆ.ಜಿ.ಯನ್ನೇ ಹೊತ್ತು, ನೀರು, ಮದ್ದುಗುಂಡು ಎಲ್ಲ ಸೇರಿಸಿಕೊಂಡು, ಉಸಿರು ಸಿಗದ ಎತ್ತರದಲ್ಲಿ ಬಿಸಿಲಿಗೆ ಬೆಟ್ಟ ಹತ್ತಿದರು ಆ ಹುಡುಗರು. ಹತ್ತೊಂಬತ್ತು, ಇಪ್ಪತ್ತರ ವಯಸ್ಸು. 1989ರ ಫೆಬ್ರವರಿ 15ಕ್ಕೆ ಕೊನೆಯ ತುಕಡಿ ಆಮು ದರಿಯಾ ಸೇತುವೆ ದಾಟಿ ಹಿಂದಿರುಗಿತು.

ಮೂರು ತಿಂಗಳ ನಂತರ ಸಂಪಾದಕರಿಗೆ ಲೇಖನ ಮತ್ತೆ ಕಳಿಸಿದೆ. ಎರಡು ವಾಕ್ಯ ಇದ್ದ ಕಡೆ ಈಗ ನಾಲ್ಕು ಪ್ಯಾರಾ ಇತ್ತು. ಪ್ರತಿ ಅಂಕಿಗೂ ಪಕ್ಕದ ಹಾಳೆಯಲ್ಲಿ ಅದು ಎಲ್ಲಿಂದ ಬಂತು, ನಾನು ಯಾಕೆ ನಂಬಿದೆ ಅಂತ ಬರೆದಿದ್ದೆ. ಅವರು ಎಲ್ಲವನ್ನೂ ಓದಿ ಫೋನ್ ಮಾಡಿದರು. "ಫೋಟೋದ ಅಡಿಬರಹ ಹೀಗೇ ಇರಲಿ ಮೇಡಂ. ಭುಜಪಟ್ಟಿ ವಿಷಯ ಒಂದು ಚೌಕದಲ್ಲಿ ಬೇರೆ ಹಾಕೋಣ. ಮಕ್ಕಳು ತಾವೇ ಫೋಟೋ ನೋಡಿ ಪತ್ತೆ ಮಾಡಲಿ."

ಸಂಚಿಕೆ ಬಂದ ದಿನ ಒಂದು ಪ್ರತಿ ಮೈಸೂರಿಗೆ ಕಳಿಸಿ, ಇನ್ನೊಂದನ್ನು ಮಾವನಿಗೆ ಕೊಟ್ಟು ಬಂದೆ. ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದರು. ಮೀಸೆ ಬಾರದ ಹುಡುಗನ ಫೋಟೋ ಹತ್ತಿರ ಬೆರಳು ನಿಂತಿತು.

"ಇವನ ಹೆಸರು ಸಿಗಲಿಲ್ವೇನಮ್ಮಾ?"

"ಇನ್ನೂ ಇಲ್ಲ ಮಾವ. ಪದಕದ ಹಾಳೆಗಳನ್ನ ಬ್ರಿಗೇಡ್ ಪ್ರಕಾರ ನೋಡ್ತಾ ಇದ್ದೀನಿ."

"ನೋಡು, ಬಿಡಬೇಡ" ಅಂದು, ಪತ್ರಿಕೆ ಮಡಚಿ ತಮ್ಮ ಎಂಇಜಿ ಫೋಟೋಗಳ ಡಬ್ಬದಲ್ಲಿಟ್ಟರು.